ಮೂಲೆಯ ಕಾವಲು ಕೋಲು

ಜೂನ್ 18

ಮಧ್ಯಾಹ್ನ ಮನೆಗೆ ಬಂದೆ. ನಾಜೆ ಪೇಟೆಯ ಆಸ್ಪತ್ರೆ ಮಂಚಕ್ಕಿಂತ ನನ್ನ ಮನೆಯ ಚಾಪೆ ಸಾವಿರ ಪಾಲು ವಾಸಿ. ಕಾಲು ಮಾತ್ರ ನನ್ನದು ಅನ್ನಿಸುತ್ತಿಲ್ಲ. ಮೊಣಕಾಲಿನಿಂದ ಕೆಳಗೆ ಬೂದುಗುಂಬಳದ ಹಾಗೆ ಊದಿಕೊಂಡು, ಅಲ್ಲಲ್ಲಿ ನೇರಳೆ, ಅಲ್ಲಲ್ಲಿ ಹಸಿರು ತಿರುಗಿದೆ. ಊತ ಪೂರ್ತಿ ಇಳಿಯುವವರೆಗೆ ಮಗ್ಗದ ಹತ್ತಿರ ಸುಳಿಯಬೇಡಿ ಅಂತ ಡಾಕ್ಟರು ಹೇಳಿಬಿಟ್ಟರು. ಹುಡುಗಿಯಾಗಿದ್ದಾಗಿನಿಂದ ಮಗ್ಗದ ಹಲಗೆ ತುಳಿದ ಕಾಲು ಇದು. ಕೈಯಾದರೂ ಏನಾದರೂ ಮಾಡುತ್ತಿರಲಿ ಅಂತ ಇದನ್ನು ಬರೆಯಲು ಶುರು ಮಾಡಿದ್ದೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ಆದದ್ದು ಇಷ್ಟು. ಆವತ್ತು ಸಂಜೆ ತೋಟದಿಂದ ಹೀರೇಕಾಯಿ ಕಿತ್ತುಕೊಂಡು ಬರುತ್ತಿದ್ದೆ. ದಾರಿಯಲ್ಲಿರುವ ಖಾಲಿ ಮನೆಯ ಮೂಲೆಯಲ್ಲಿ, ಹವಳದ ಕಲ್ಲಿನ ಗೋಡೆಯ ಬುಡದಲ್ಲಿ, ಹಾಬು, ನಮ್ಮ ಅಮಾಮಿ ದ್ವೀಪದ ವಿಷದ ಹಾವು, ಸುತ್ತಿಕೊಂಡು ಕೂತಿತ್ತು. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಮಲಗಿ ಕತ್ತಲಾಗುವ ಹೊತ್ತಿಗೆ ಇಲಿ ಹುಡುಕಿಕೊಂಡು ಬರುವುದು ಅದರ ಸ್ವಭಾವ, ಅದರಲ್ಲಿ ಹೊಸದೇನೂ ಇಲ್ಲ. ಅಮಾಮಿಯಲ್ಲಿ ಹುಟ್ಟಿದವರೆಲ್ಲ ಅದರ ಜೊತೆಯಲ್ಲೇ ಬೆಳೆದವರು. ನನ್ನ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು, ಕಾವಲು ಕೋಲಿಗೆ. ನಮ್ಮೂರಿನ ಮೂಲೆಮೂಲೆಯಲ್ಲೂ ಒಂದೊಂದು ಕೋಲು ಒರಗಿಸಿಟ್ಟಿರುತ್ತೇವೆ. ಹುಳ ಕಂಡವರು ತೆಗೆದುಕೊಂಡು ಬಡಿಯಲಿ, ಇಲ್ಲವೇ ದೂರದಿಂದಲೇ ತಳ್ಳಲಿ ಅಂತ. ಕೆಲಸ ಮುಗಿದ ಮೇಲೆ ಮತ್ತೆ ಅಲ್ಲೇ ಇಡಬೇಕು. ಆವತ್ತು ಕೈಗೆ ಬರೀ ಗಾಳಿ ಸಿಕ್ಕಿತು. ಕೋಲು ಎಲ್ಲಿ ಹೋಯಿತು ಅಂತ ತಿರುಗಿ ನೋಡಿದ್ದೇ ತಪ್ಪು. ಮೀನಖಂಡಕ್ಕೆ ಕೊಳ್ಳಿ ಇಟ್ಟ ಹಾಗಾಯಿತು. ನನ್ನ ಕೂಗು ಕೇಳಿ ಪಕ್ಕದ ಮನೆಯ ಇವಾಜೊ ಅಣ್ಣ ಓಡಿ ಬಂದು, ಕಾರಿಗೆ ಹಾಕಿಕೊಂಡು ಹೋದ. ಸರಿಯಾದ ಹೊತ್ತಿಗೆ ಮದ್ದು ಚುಚ್ಚಿದರು, ಬದುಕಿದೆ.

ಆ ಕೋಲು ಎತ್ತಿಕೊಂಡು ಹೋದವರ ಮನೆ ಹಾಳಾಗ.

ಮನೆಯಲ್ಲಿ ಸೊಸೆ ಅಂತ ಒಬ್ಬಳಿದ್ದಾಳೆ. ಶಿಹೊ ಅಂತ ಹೆಸರು, ಟೋಕಿಯೊ ಕಡೆಯವಳು. ಮಗ ತೋಮಾ ಹಡಗಿನಲ್ಲಿ ಕೆಲಸ ಮಾಡುವವನು, ಯಾವುದೋ ಬಂದರಿನಲ್ಲಿ ನೋಡಿ ಮೆಚ್ಚಿಕೊಂಡು ಮದುವೆಯಾದ. ಮಾರ್ಚಿನಲ್ಲಿ ಕರೆದುಕೊಂಡು ಬಂದು ನನ್ನ ಹತ್ತಿರ ಬಿಟ್ಟು ಮತ್ತೆ ಹಡಗು ಹತ್ತಿದ. ಅವಳಿಗೆ ನಮ್ಮ ಮಾತು ಅರ್ಧ ಅರ್ಥವಾಗುವುದಿಲ್ಲ. ನನಗೆ ಅವಳ ಅಡುಗೆ ಪೂರ್ತಿ ಅರ್ಥವಾಗುವುದಿಲ್ಲ. ಇಂಥವಳ ಕೈಯಲ್ಲಿ ಆರೈಕೆ ಮಾಡಿಸಿಕೊಳ್ಳುವ ಯೋಗ ಬಂತಲ್ಲ.

ಜೂನ್ 20

ಊರಿಗೆ ಊರೇ ಬಂದು ಹೋಯಿತು. ಹುಳ ಕಚ್ಚಿದವರ ಮನೆಗೆ ಬರಿಗೈಯಲ್ಲಿ ಬರಬಾರದು, ಹಾಗಾಗಿ ಅಡುಗೆಮನೆ ತುಂಬಿದೆ. ಉಪ್ಪಿನಲ್ಲಿ ಹಾಕಿದ ಪರಂಗಿಕಾಯಿ, ಕಪ್ಪು ಬೆಲ್ಲ, ಹಂದಿ ಕಾಲು, ಎಣ್ಣೆಯಲ್ಲಿ ಹುರಿದ ಶ್ಯಾವಿಗೆ. ಬಂದವರೆಲ್ಲ ಒಂದೊಂದು ಹಾಬು ಕಥೆ ಹೇಳಿ, ನನ್ನ ಕಾಲು ನೋಡಿ ನಾಲಿಗೆ ಲೊಚಗುಟ್ಟಿ ಹೋದರು. ನನ್ನ ಜೊತೆ ಮಗ್ಗ ಕಲಿತ ಫುಸಾ ಮಾತ್ರ ನಕ್ಕಳು. ನಾವು ನೇಯುವ ರೇಷ್ಮೆಯ ಅಂಚಿನ ಚಿತ್ತಾರ ಹಾಬುವಿನ ಬೆನ್ನು ನೋಡಿಯೇ ಹಿಂದಿನವರು ಮಾಡಿದ್ದು ಅಂತ ಹೇಳುತ್ತಾರೆ. "ಇಷ್ಟು ವರ್ಷ ಅದರ ಬೆನ್ನು ನೋಡಿ ನೋಡಿ ನೇಯ್ದೆಯಲ್ಲ ಚಿಜುರು, ಅದಕ್ಕೆ ಬಾಡಿಗೆ ಕೇಳೋಕೆ ಬಂದಿದೆ" ಅಂದಳು. ಬೈಯಬೇಕು ಅಂದುಕೊಂಡೆ, ನಗು ಬಂದುಬಿಟ್ಟಿತು.

ಇವಾಜೊ ಅಣ್ಣನ ಮುಖ ಮಾತ್ರ ಗಂಟು. ಮೂಲೆಯ ಆ ಕೋಲು ಅವನೇ ಕಡಿದು, ತುದಿಯನ್ನು ಬೆಂಕಿಯಲ್ಲಿ ಕರಿ ಮಾಡಿ ಇಟ್ಟದ್ದು. ಜುಲೈ ಕೊನೆಗೆ ಊರ ಸಭೆ ಇದೆಯಲ್ಲ, ಅಲ್ಲಿ ಇದನ್ನು ಎತ್ತುತ್ತೇನೆ, ತೆಗೆದವರು ಯಾರೇ ಆಗಲಿ ಎದ್ದು ನಿಲ್ಲಲೇಬೇಕು ಅಂದ. ಕಾವಲು ಕೋಲು ಇಲ್ಲದೆ ಯಾರಿಗಾದರೂ ಕಚ್ಚಿದರೆ, ತೆಗೆದವರಿಗೆ ಏನು ಶಿಕ್ಷೆ ಅಂತ ಕಚ್ಚಿಸಿಕೊಂಡವರೇ ಹೇಳುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ನಾನು ಆಗಲೇ ಲೆಕ್ಕ ಹಾಕುತ್ತಿದ್ದೇನೆ. ಊರ ಚರಂಡಿ ತೊಳೆಸಲಾ, ಹಂದಿ ಗೊಬ್ಬರ ಹೊರಿಸಲಾ. ನೋವಿನ ಮಧ್ಯೆ ಇದೊಂದು ಸುಖ ಉಂಟು.

ಜೂನ್ 24

ಹುಡುಗಿಯ ಸಾರು ಇವತ್ತೂ ನೀರು. ಉಪ್ಪು ಹಾಕಿದರೆ ಡಾಕ್ಟರು ಬೈತಾರೆ ಅತ್ತೆ ಅಂತಾಳೆ. ಡಾಕ್ಟರು ಬಂದು ಊಟ ಮಾಡುತ್ತಾನಾ?

ಆದರೆ ಪಟ್ಟಿ ಬಿಚ್ಚಿ ಕಟ್ಟುವ ಕೈ ಹಗುರ. ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸುವಾಗ ಉಸಿರು ಬಿಗಿಹಿಡಿದುಕೊಂಡು ಒರೆಸುತ್ತಾಳೆ, ನೋವು ತನಗೇ ಆಗುತ್ತಿದೆಯೇನೋ ಅನ್ನೋ ಹಾಗೆ. ದಿನಾ ನನ್ನ ಹಾಸಿಗೆ ಬಟ್ಟೆ, ಪಟ್ಟಿ, ನಿಲುವಂಗಿ ಎಲ್ಲ ಒಗೆದು ಸೂರಿನ ಕೆಳಗೆ ಹರವುತ್ತಾಳೆ. ನಮ್ಮ ದ್ವೀಪದ ಮಳೆಗಾಲ ಜೂನಿಗೇ ಮುಗಿಯುತ್ತಾ ಬರುತ್ತೆ, ಬೇಗ ಒಣಗುತ್ತೆ. ಸಂಜೆ ಮಡಚುವಾಗ ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಾಳೆ. ಅದೊಂದು ಕೆಲಸ ನೋಡುವ ಹಾಗಿದೆ.

ಅವಳ ಅಮ್ಮ ಫೋನು ಮಾಡಿದ್ದಳು. ಆ ಹೆಂಗಸಿನ ಗಂಟಲು ದೊಡ್ಡದು, ಚಾಪೆಯ ಮೇಲೆ ಮಲಗಿದ್ದ ನನಗೂ ಕೇಳಿಸಿತು. ಹಾವುಗಳ ಮಧ್ಯೆ ನಿನ್ನ ಬಿಟ್ಟು ಅವನು ಹಡಗಿನಲ್ಲಿ ತಿರುಗುತ್ತಾನೆ, ಸಾಕು, ಮನೆಗೆ ಬಾ ಅಂತ. ಹುಡುಗಿ ನೋಡ್ತೀನಿ ಅಮ್ಮ ಅಂದಳು. ಹೋಗುವುದಿದ್ದರೆ ಹೋಗಲಿ. ನನಗೇನು, ಮೊದಲೂ ಒಬ್ಬಳೇ ಇದ್ದೆ.

ಜೂನ್ 28

ಹುಡುಗಿಗೆ ಹೆದರಿಕೆ ಇದೆ, ಆದರೂ ಕೇಳದೆ ಇರಲಾರಳು. ಇವತ್ತು ಪಟ್ಟಿ ಕಟ್ಟುತ್ತಾ, ತಲೆ ಎತ್ತದೆ, ಅದು ನೋಡೋಕೆ ಹೇಗಿರುತ್ತೆ ಅಂತ ಕೇಳಿದಳು. ಇಷ್ಟು ತಿಂಗಳಲ್ಲಿ ಒಮ್ಮೆಯೂ ನೋಡಿಲ್ಲವಂತೆ. ನೋಡದೆ ಹೆದರುವುದಕ್ಕಿಂತ ಗೊತ್ತಿದ್ದು ಹೆದರುವುದು ಮೇಲು ಅಂತ ಹೇಳಲು ಕೂತೆ.

ದೊಡ್ಡದಾದರೆ ಗಂಡಸು ಎರಡೂ ಕೈ ಚಾಚಿದಷ್ಟು ಉದ್ದ, ಆದರೆ ಮೈ ಸಣ್ಣ, ಕುತ್ತಿಗೆ ಇನ್ನೂ ಸಣ್ಣ. ಅದರ ತುದಿಗೆ ಭರ್ಜಿ ಮೊನೆಯಂಥ ಅಗಲ ತಲೆ. ಕಣ್ಣಿನ ಪಾಪೆ ಬೆಕ್ಕಿನದರ ಹಾಗೆ ಉದ್ದುದ್ದ ಸೀಳಿರುತ್ತೆ. ಕಣ್ಣಿಗೂ ಮೂಗಿಗೂ ಮಧ್ಯೆ ಒಂದು ಸಣ್ಣ ಗುಳಿ ಇದೆ, ಇಲಿಯ ಮೈ ಬಿಸಿ ಅದಕ್ಕೆ ಅಲ್ಲಿಂದಲೇ ಗೊತ್ತಾಗುತ್ತದೆ, ಹಾಗಾಗಿ ಎಂಥ ಕತ್ತಲಿದ್ದರೂ ಗುರಿ ತಪ್ಪುವುದಿಲ್ಲ. ಬೆನ್ನ ಮೇಲೆ ಒಣಹುಲ್ಲಿನ ಹಳದಿ, ಅದರ ಮೇಲೆ ಕಪ್ಪು ಹಸಿರಿನ ಮಚ್ಚೆ, ಪ್ರತಿ ಮಚ್ಚೆಗೂ ಹಳದಿ ಅಂಚು. ಮಚ್ಚೆಗೆ ಮಚ್ಚೆ ಕೂಡಿಕೊಂಡು ತಲೆಯಿಂದ ಬಾಲದ ತನಕ ಸರಪಳಿ. ಹಳದಿ ಜಾಸ್ತಿ ಇದ್ದರೆ ಚಿನ್ನದ ಹಾಬು, ಬೂದು ಇದ್ದರೆ ಬೆಳ್ಳಿ ಹಾಬು ಅನ್ನುತ್ತೇವೆ. ಹೊಟ್ಟೆ ಮಾತ್ರ ಅನ್ನದ ಗಂಜಿಯ ಬಿಳಿ.

ಎಲ್ಲೆಲ್ಲಿ ಇರುತ್ತೆ ಅಂದಳು. ಎಲ್ಲಿ ಇರಲ್ಲ ಅಂತ ಕೇಳು ಅಂದೆ. ಕಲ್ಲುಗೋಡೆಯ ಸಂದಿ, ಹಳೇ ಗೋರಿ, ಈಚಲಿನ ಹಾಗಿರುವ ಆ ಸೋತೆತ್ಸು ಗಿಡದ ಬುಡ, ಕಬ್ಬಿನ ಗದ್ದೆಯ ತರಗು, ಮರದ ಪೊಟರೆ, ಇಲಿಬಿಲ. ಮಳೆ ನಿಂತ ಸಂಜೆ ಅದಕ್ಕೆ ತುಂಬ ಇಷ್ಟ. ಮರವನ್ನೂ ಹತ್ತುತ್ತೆ, ಹಾಗಾಗಿ ಕೆಳಗೆ ಮಾತ್ರ ಅಲ್ಲ, ತಲೆ ಮೇಲೂ ಕಣ್ಣಿರಬೇಕು. ನಮ್ಮ ಕಾಡು ಇನ್ನೂ ಉಳಿದಿರುವುದೇ ಅದರ ಹೆದರಿಕೆಯಿಂದ ಅಂತ ನಮ್ಮವರು ಇದ್ದಾಗ ಹೇಳುತ್ತಿದ್ದರು. ಕೊಡಲಿ ಹಿಡಿದವನೂ ಒಳಗೆ ಹೋಗಲು ಎರಡು ಸಲ ಯೋಚಿಸುತ್ತಾನೆ.

"ಹಾಗಿದ್ರೆ ನಮ್ಮ ಗೋಡೇಲೂ ಇರುತ್ತಾ ಅತ್ತೆ?"

ಇರಬಹುದು, ಇಲಿ ಇದ್ದರೆ ಅದೂ ಇರುತ್ತೆ ಅಂದೆ. ಅವಳು ಎದ್ದು ಹೋಗಿ ಅಕ್ಕಿ ಡಬ್ಬದ ಮುಚ್ಚಳ ಗಟ್ಟಿಯಾಗಿ ಮುಚ್ಚಿ ಬಂದಳು. ಬುದ್ಧಿ ಇಲ್ಲದವಳಲ್ಲ.

ಜುಲೈ 2

ಕಾಲು ರಾತ್ರಿಯೆಲ್ಲ ಸಿಡಿಯುತ್ತಿತ್ತು. ಇವತ್ತು ಬರೆಯುವ ಮನಸ್ಸಿಲ್ಲ. ಹುಡುಗಿ ಕೋಳಿ ಬೇಯಿಸಿ ಅನ್ನದ ಮೇಲೆ ಸಾರು ಸುರಿದು ಕೊಟ್ಟಳು, ಫುಸಾ ಹತ್ತಿರ ಕೇಳಿಕೊಂಡು ಬಂದಳಂತೆ. ಇವತ್ತು ಉಪ್ಪಿತ್ತು.

ಜುಲೈ 6

ಏನಂತ ಬರೆಯಲಿ. ಬರೆಯದಿದ್ದರೆ ಎದೆ ಒಡೆದುಹೋಗುತ್ತೆ, ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ಇವತ್ತು ಮೊದಲ ಸಲ ಅವಳ ಹೆಗಲು ಹಿಡಿದುಕೊಂಡು ಜಗಲಿಗೆ ಬಂದು ಕೂತೆ. ಬಿಸಿಲು ಹಿತವಾಗಿತ್ತು. ಒಣಗಿದ ಬಟ್ಟೆಯೆಲ್ಲ ಅವಳು ಒಳಗೆ ಒಯ್ದಿದ್ದಳು, ಸೂರಿನ ಕೆಳಗೆ ಬಟ್ಟೆ ಹರವುವ ಕೋಲು ಮಾತ್ರ ತೂಗುತ್ತಿತ್ತು. ನೋಡುತ್ತಾ ಕೂತವಳು ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಕೋಲಿನ ತುದಿ ಕರಿ. ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿದ ಕರಿ. ಇವಾಜೊ ಅಣ್ಣನ ಕೋಲು.

ಇದೆಲ್ಲಿತ್ತು ಅಂತ ಕೇಳಿದೆ. ಅವಳು ನಗುನಗುತ್ತಾ ಹೇಳಿದಳು. ನಮ್ಮ ಹಳೇ ಬಿದಿರು ಸೀಳಿತ್ತಲ್ಲ, ಎಲ್ಲಿಂದಾದ್ರೂ ಒಂದು ಕೋಲು ಹುಡುಕಿ ತಾ, ಬಾಯಿ ನೋಡ್ತಾ ನಿಲ್ಲಬೇಡ ಅಂತ ನೀವೇ ಹೇಳಿದ್ರಲ್ಲ ಅತ್ತೆ. ಖಾಲಿ ಮನೆಯ ಮೂಲೆಯಲ್ಲಿ ಹುಲ್ಲಿನ ಮಧ್ಯೆ ಬಿದ್ದಿತ್ತು, ಯಾರೂ ಬೇಡ ಅಂತ ಬಿಟ್ಟಿದ್ದು, ಎಷ್ಟು ನೇರ ಇದೆ ನೋಡಿ.

ಬಾಯಿ ತೆರೆದೆ. ಇಷ್ಟು ದಿನ ಕೂಡಿಟ್ಟ ಬೈಗುಳವೆಲ್ಲ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಗಂಜಿ ಆರುತ್ತೆ ಅಂತ ಒಳಗೆ ಹೋದಳು. ಆಮೇಲೆ ಯೋಚನೆ ಬಂತು. ಇವಳಿಗೆ ಹೇಳಿದವರು ಯಾರು? ನಾನಾ? ತೋಮಾನಾ? ನೆಲ ಒದ್ದೆ ಇದ್ದರೆ ಜಾರುತ್ತೆ ಅಂತ ಯಾರಾದರೂ ಹೇಳಿಕೊಡುತ್ತಾರಾ? ನಮಗೆ ಕೋಲು ಹಾಗೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಹೇಳಿಕೊಡಬೇಕು ಅಂತ ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಂದವರ ಮುಂದೆಲ್ಲ ನಾನು ಕಾವಲು ಕೋಲು ಕಾವಲು ಕೋಲು ಅಂತ ಕೂಗಾಡಿದ್ದು ಅವಳ ಕಿವಿಗೂ ಬಿದ್ದಿದೆ. ಪೊಲೀಸರ ಲಾಠಿಯಂಥದ್ದೇನೋ ಅಂದುಕೊಂಡಿರುತ್ತಾಳೆ, ಪಾಪ.

ಅವರ ಮನೆ ಹಾಳಾಗ ಅಂತ ಶಾಪ ಹಾಕಿದ್ದೆನಲ್ಲ. ಹಾಕಿದ್ದು ನನ್ನ ಮನೆಗೇ.

ಈಗ ಇವಳಿಗೆ ಗೊತ್ತಾದರೆ ಮುಗಿಯಿತು. ಅಮ್ಮನ ಫೋನು ಹೇಗೂ ದಿನಾ ಬರುತ್ತಿದೆ. ನಾಳೆಯ ಹಡಗಿಗೇ ಗಂಟುಮೂಟೆ ಕಟ್ಟುತ್ತಾಳೆ. ಕಾಲಿಗೆ ಪಟ್ಟಿ ಕಟ್ಟುವವರು ಬೇಕಲ್ಲ, ಅದಕ್ಕೇ ಸುಮ್ಮನಿದ್ದೇನೆ.

ಜುಲೈ 9

ಇವಾಜೊ ಅಣ್ಣ ಕಲ್ಲಂಗಡಿ ತಂದ. ಅವನ ಹೆಜ್ಜೆ ಸಪ್ಪಳ ಕೇಳಿದ್ದೇ ನನ್ನ ಜೀವ ಬಾಯಿಗೆ ಬಂತು. ಬಟ್ಟೆ ಇನ್ನೂ ಹರವಿರಲಿಲ್ಲ, ಕೋಲು ಬಟಾಬಯಲಲ್ಲಿ ಜಗಲಿಯ ಎದುರಿಗೇ. ಶಿಹೊಗೆ ದೊಡ್ಡ ಹೊದಿಕೆ ತಂದು ಹರವು ಅಂದೆ. ಅದು ಒಗೆದಿಲ್ಲವಲ್ಲ ಅತ್ತೆ ಅಂದಳು. ಗಾಳಿ ಆಡಲಿ ಅಂದೆ. ಅದು ಸಾಲದು ಇನ್ನೊಂದು ತಾ ಅಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಇವಾಜೊ ಅಣ್ಣನನ್ನು ಆ ಕಡೆಗೆ ಬೆನ್ನು ಹಾಕಿ ಕೂರಿಸಿದೆ. ಗೋಡೆ ನೋಡಿಕೊಂಡು ಯಾಕೆ ಕೂರಲಿ, ಸಮುದ್ರದ ಗಾಳಿ ಆ ಕಡೆಯಿಂದ ಬರುತ್ತೆ ಅಂದ. ನಿನ್ನ ಮುಖಕ್ಕೆ ಬಿಸಿಲು ಬೀಳುತ್ತೆ ಅಂದೆ. ನಲವತ್ತು ವರ್ಷ ಮೀನು ಹಿಡಿದ ಮುಖಕ್ಕೆ ಬಿಸಿಲೇನು ಮಾಡುತ್ತೆ ಅಂತ ನನ್ನನ್ನೇ ನೋಡಿದ. ಪರಂಗಿ ಉಪ್ಪಿನಕಾಯಿ ಇಡೀ ಬೋಗುಣಿ ಮುಂದಿಟ್ಟೆ. ತಿಂದ, ಟೀ ಕುಡಿದ, ಮತ್ತೆ ತಿಂದ. ಕೋಲು ಕದ್ದವರ ಬಗ್ಗೆ ಅವನ ಅನುಮಾನ ಯಾರ್ಯಾರ ಮೇಲೆ ಅಂತ ಒಬ್ಬೊಬ್ಬರದೇ ಹೆಸರು ಹೇಳಿದ. ಹೋಗಲಿ ಬಿಡು ಇವಾಜೊ ಅಣ್ಣ, ಕಾಲು ವಾಸಿಯಾಗ್ತಿದೆಯಲ್ಲ ಅಂದೆ. ಅವನ ಕೈಯಲ್ಲಿದ್ದ ಉಪ್ಪಿನಕಾಯಿ ಅಲ್ಲೇ ನಿಂತಿತು. ನನ್ನ ಬಾಯಲ್ಲಿ ಹೋಗಲಿ ಬಿಡು ಅನ್ನೋ ಮಾತು ಅವನು ಹುಟ್ಟಿದಾಗಿನಿಂದ ಕೇಳಿರಲಿಕ್ಕಿಲ್ಲ.

ಅವನು ಹೋದ ಮೇಲೆ ಬೆವರು ಒರೆಸಿಕೊಂಡೆ. ಶಿಹೊ ಕಲ್ಲಂಗಡಿ ಹೆಚ್ಚಿ ಬೀಜ ತೆಗೆದು ಕೊಟ್ಟಳು. ತುಂಬ ಸಿಹಿ ಇತ್ತು. ಇಬ್ಬರೂ ಜಗಲಿಯಲ್ಲಿ ಕೂತು ಅರ್ಧ ಹಣ್ಣು ಖಾಲಿ ಮಾಡಿದೆವು.

ಜುಲೈ 13

ಆಗಬಾರದ್ದು ಆಯಿತು, ನನ್ನ ಬಾಯಿಂದಲೇ ಆಯಿತು.

ಸಂಜೆ ಸಣ್ಣ ಮಳೆ ಬಂದು ನಿಂತಿತ್ತು. ಶಿಹೊ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು, ನಾನು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ಅವಳ ಎಡಗಡೆ, ಗೋಡೆಯ ಕಲ್ಲಿನ ಸಂದಿಯಿಂದ ತಲೆ ಹೊರಗೆ ಬಂತು. ಆಮೇಲೆ ಕುತ್ತಿಗೆ. ಆಮೇಲೆ ಬೆನ್ನು, ಬರುತ್ತಲೇ ಇತ್ತು. ದೊಡ್ಡದು. ಚಿನ್ನದ್ದು.

ಶಿಹೊ ನೋಡಿದಳು. ಕೂಗಲಿಲ್ಲ, ಕಲ್ಲಾಗಿ ನಿಂತುಬಿಟ್ಟಳು. ನಾನು ಏಳಲು ಹೋದೆ, ಕಾಲು ಏಳಲಿಲ್ಲ. ಓಡಬೇಡ, ಒಂದೊಂದೇ ಹೆಜ್ಜೆ ಹಿಂದೆ ಇಡು ಅಂತ ಮೆಲ್ಲಗೆ ಹೇಳಿದೆ. ಕೋಲು ತಗೋ ಅಂದೆ. ಯಾವ ಕೋಲು ಅಂತ ತುಟಿ ಮಾತ್ರ ಅಲ್ಲಾಡಿಸಿದಳು.

"ಬಟ್ಟೆ ಕೋಲು ಕಣೇ. ಅದು ಇರೋದೇ ಇದಕ್ಕೆ."

ಬಟ್ಟೆಯ ಸಮೇತ ಕೋಲು ಕೆಳಗಿಳಿಸಿದಳು. ನನ್ನ ನಿಲುವಂಗಿ ಕೆಸರಿಗೆ ಬಿತ್ತು. ಕರಿ ತುದಿಯನ್ನು ಮುಂದೆ ಚಾಚಿ ಹಿಡಿದಳು. ಬಡಿಯುತ್ತಾಳೆ ಅಂದುಕೊಂಡೆ. ಬಡಿಯಲಿಲ್ಲ. ಅದೂ ಕಚ್ಚಲು ಬರಲಿಲ್ಲ, ತಲೆ ಎತ್ತಿ ನಾಲಿಗೆ ಆಡಿಸಿತು. ಎಷ್ಟು ಹೊತ್ತು ಹಾಗೆ ನಿಂತಿದ್ದವೋ ಎರಡೂ. ಮೋಡದ ಸಂದಿಯಿಂದ ಬಂದ ಕೊನೆಯ ಬೆಳಕು ಅದರ ಬೆನ್ನ ಮೇಲಿತ್ತು, ಹಳದಿ ಅಂಚಿನ ಒಂದೊಂದು ಮಚ್ಚೆಯೂ ಎಣಿಸುವ ಹಾಗೆ ಕಾಣುತ್ತಿತ್ತು. ಆಮೇಲೆ ಅದು ಗೋಡೆಯ ಉದ್ದಕ್ಕೂ ಹರಿದುಕೊಂಡು ಹೋಗಿ, ಮೂಲೆಯ ಸೋತೆತ್ಸು ಬುಡದಲ್ಲಿ ಇಳಿದು ಕಾಣೆಯಾಯಿತು.

"ಅತ್ತೆ, ನಿಮ್ಮ ಮಗ್ಗದಲ್ಲಿರೋದು ಇದೇ" ಅಂದಳು. ದನಿ ನಡುಗುತ್ತಿದ್ದರೂ ಮುಖ ಅರಳಿತ್ತು. "ಇಷ್ಟು ಚೆನ್ನಾಗಿದೆ ಅಂತ ನೀವು ಹೇಳ್ಲೇ ಇಲ್ಲ."

ಹೌದು, ಅದೊಂದು ಹೇಳಿರಲಿಲ್ಲ. ನನಗೆ ತುಂಬ ಸಂತೋಷವಾಯಿತು.

ಅವಳು ಕೈಯಲ್ಲಿದ್ದ ಕೋಲು ನೋಡಿದಳು. ಕರಿ ತುದಿ ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು. ಇರೋದೇ ಇದಕ್ಕೆ ಅಂದ್ರಲ್ಲ ಅತ್ತೆ, ಎಲ್ಲರೂ ಹುಡುಕ್ತಿರೋ ಕೋಲು ಇದೇನಾ ಅಂತ ಕೇಳಿದಳು. ಅಲ್ಲ ಅನ್ನಬೇಕಿತ್ತು. ನಾನು ಕೆಸರಿಗೆ ಬಿದ್ದ ನಿಲುವಂಗಿ ನೋಡುತ್ತಾ ಕೂತೆ. ಅವಳು ಅಲ್ಲೇ ಕೆಸರಿನಲ್ಲಿ ಕುಸಿದು ಕೂತಳು.

ಜುಲೈ 14

ಬೆಳಿಗ್ಗೆ ನಾನು ಏಳುವ ಮೊದಲೇ ಕೋಲು ಮೂಲೆಯಲ್ಲಿ ಇಟ್ಟು ಬಂದಿದ್ದಾಳೆ. ಅನ್ನ ಮುಟ್ಟಲಿಲ್ಲ. ಪಟ್ಟಿ ಕಟ್ಟುವಾಗ ಕಣ್ಣೀರು ನನ್ನ ಕಾಲ ಮೇಲೆ ಬಿತ್ತು, ಅದನ್ನೂ ಒರೆಸಿದಳು.

ಕೋಲು ಹುಡುಕಿ ತಾ ಅಂತ ಗದರಿಸಿದ್ದು ನಾನೇ ತಾನೆ, ಸಭೆಯಲ್ಲಿ ನಾನೇ ತೆಗೆದೆ ಅಂತ ಹೇಳ್ತೀನಿ, ವಯಸ್ಸಾಯ್ತು ಮರೆತುಹೋಯ್ತು ಅಂತೀನಿ, ನಾಲ್ಕು ಜನ ನಗ್ತಾರೆ, ಅಷ್ಟೇ ಅಂದೆ. ಅವಳು ಪಟ್ಟಿಯ ಗಂಟು ಬಿಗಿದು ಎದ್ದು ಹೋದಳು. ಮಧ್ಯಾಹ್ನ ಅಮ್ಮನಿಗೆ ತಾನಾಗಿಯೇ ಫೋನು ಮಾಡಿದಳು. ಸಭೆಯ ಮಾರನೇ ದಿನದ ಹಡಗಿಗೆ ಬರ್ತೀನಿ ಅಂದಳು.

ಹಾಗಾದರೆ ಅಲ್ಲಿಯ ತನಕ ಇರುತ್ತಾಳೆ. ಅಷ್ಟರಲ್ಲಿ ಕಾಲು ವಾಸಿಯಾಗಿರುತ್ತೆ. ಅಷ್ಟು ಸಾಕು ನನಗೆ.

ಜುಲೈ 20

ತೋಮಾ ಎರಡು ದಿನಕ್ಕೆ ಬಂದಿದ್ದಾನೆ. ಹೆಂಡತಿಗೆ ಊರಿನ ಕೋಲು ಯಾವುದು ಅಂತ ಒಂದು ಮಾತು ಹೇಳಲು ಆಗಲಿಲ್ಲವೇನೋ ನಿನಗೆ ಅಂತ ಚೆನ್ನಾಗಿ ಉಗಿದೆ. ಗೊತ್ತಿಲ್ಲದೆ ಇರುತ್ತೆ ಅಂತ ಅಂದುಕೊಳ್ಳಲೇ ಇಲ್ಲಮ್ಮ ಅಂದ. ತಪ್ಪು ನನ್ನದು ಅಂತ ಅವಳಿಗೆ ನೂರು ಸಲ ಹೇಳಿದನಂತೆ. ಅವಳು ಕೇಳುವುದಿಲ್ಲ. ನಿಮ್ಮ ಅಮ್ಮನ ಮುಖ ನೋಡೋ ಹಾಗಿಲ್ಲ ಅನ್ನುತ್ತಾಳಂತೆ. ಒಂದು ತಿಂಗಳು ಹೋಗಿ ಬರಲಿ ಬಿಡು ಅಂತ ನನಗೇ ಸಮಾಧಾನ ಹೇಳುತ್ತಾನೆ. ಹೆದರಿಕೊಂಡು ಹೋದವರು ತಿಂಗಳಿಗೆ ವಾಪಸ್ ಬರಲ್ಲ. ಅಷ್ಟೂ ಗೊತ್ತಾಗಲ್ಲ ಇವನಿಗೆ.

ನನ್ನ ಮುಖ ನೋಡೋ ಹಾಗಿಲ್ಲವಂತೆ. ದಿನಾ ಮೂರು ಹೊತ್ತು ನೋಡುತ್ತಾಳೆ, ನಾನೂ ಅವಳ ಮುಖ ನೋಡುತ್ತೇನೆ. ನನಗೆ ಅಭ್ಯಾಸವಾಗಿದೆ.

ಜುಲೈ 23

ಇವತ್ತು ಮಗ್ಗದ ಮುಂದೆ ಕೂತೆ. ಕಾಲು ಇಟ್ಟುಕೊಳ್ಳಲು ಮಾತ್ರ, ತುಳಿಯಲಿಲ್ಲ. ಶಿಹೊ ಹಿಂದೆ ಬಂದು ನಿಂತಿದ್ದು ಗೊತ್ತಾಯಿತು. ಹಾಸಿನಲ್ಲಿ ಅರ್ಧಕ್ಕೆ ನಿಂತಿದ್ದ ಚಿತ್ತಾರದ ಮೇಲೆ ಬೆರಳಿಟ್ಟು, ಇಲ್ಲಿ ಹಳದಿ ಅಂಚು ಬರಬೇಕಲ್ಲ ಅತ್ತೆ ಅಂದಳು. ಬರಬೇಕು, ಮುಂದಿನ ಎಳೆಗೆ ಬರುತ್ತೆ ಅಂದೆ. ಕಣ್ಣು ಚುರುಕು. ಹೇಳಿಕೊಟ್ಟರೆ ಕಲಿಯುವವಳು. ಯಾಕೆ ಹೇಳಿಕೊಡಲಿ, ಹೋಗುವವಳಿಗೆ.

ಅವಳ ಚೀಲ ಬಾಗಿಲ ಹತ್ತಿರ ಇದೆ. ದಾಟುವಾಗಲೆಲ್ಲ ಕಾಲಿಗೆ ತಾಗುತ್ತೆ, ಒದ್ದು ಪಕ್ಕಕ್ಕೆ ಸರಿಸುತ್ತೇನೆ.

ಜುಲೈ 27

ಈಗಷ್ಟೇ ಸಭೆಯಿಂದ ಬಂದು ಕೂತಿದ್ದೇನೆ.

ಸಭೆ ಸೇರುವ ಊರ ಮನೆ ತುಂಬಿತ್ತು. ಮುಖ್ಯಸ್ಥ ನೊಬೊರಿಯವರು ಮೊದಲು ಹುಲ್ಲು ಕೊಯ್ಯುವ ದಿನ, ಎಂಟನೇ ತಿಂಗಳ ಹಬ್ಬದ ಕುಣಿತಕ್ಕೆ ಡೊಳ್ಳಿನ ಚರ್ಮ ಅಂತ ಏನೇನೋ ಮಾತಾಡಿ, ಕೊನೆಗೆ ಕೋಲಿನ ವಿಷಯಕ್ಕೆ ಬಂದರು. ಮೂಲೆಗೆ ಕೋಲು ವಾಪಸ್ ಬಂದಿದೆ, ಇಟ್ಟವರು ಇಲ್ಲೇ ಇದ್ದಾರೆ, ಎದ್ದು ನಿಲ್ಲಲಿ ಅಂದರು. ನಾನು ನೆಲಕ್ಕೆ ಕೈ ಊರಿ ಏಳಲು ಶುರು ಮಾಡಿದೆ. ಹಾಳು ಕಾಲು ನಿಧಾನ. "ಅದು ನಾನೇ" ಅಂದೆ, ಆದರೆ ಇನ್ನೂ ಅರ್ಧ ಬಗ್ಗಿಕೊಂಡೇ ಇದ್ದೆ. ನನ್ನ ಪಕ್ಕದಲ್ಲಿ ಶಿಹೊ ನೆಟ್ಟಗೆ ಎದ್ದು ನಿಂತುಬಿಟ್ಟಳು.

"ಅತ್ತೆ ಅಲ್ಲ. ಕೋಲು ತೆಗೆದಿದ್ದು ನಾನು. ಬಟ್ಟೆ ಒಣಗಿಸೋಕೆ ತೆಗೆದೆ. ಅದು ಯಾತಕ್ಕೆ ಅಂತ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಇದ್ರೂ ಹಾವು ಕಚ್ಚಿದ್ದು ಅತ್ತೇಗೆ."

ಇಷ್ಟು ಹೇಳಿ ಹಣೆ ನೆಲಕ್ಕೆ ಮುಟ್ಟುವ ಹಾಗೆ ಬಾಗಿದಳು, ಏಳಲೇ ಇಲ್ಲ. ಇವಾಜೊ ಅಣ್ಣ ನನ್ನನ್ನು ನೋಡಿದ. ಅವತ್ತಿನ ಹೊದಿಕೆ, ಉಪ್ಪಿನಕಾಯಿ ಎಲ್ಲ ಅವನಿಗೆ ಆಗ ಅರ್ಥವಾಗಿರಬೇಕು.

ನೊಬೊರಿಯವರು ಕೆಮ್ಮಿ, ಹಿಂದೆ ಒಮ್ಮೆ ಹೀಗಾದಾಗ ತೆಗೆದವನಿಗೆ ಒಂದು ವರ್ಷ ಊರಿನ ಕೋಲುಗಳನ್ನೆಲ್ಲ ನೋಡಿಕೊಳ್ಳಲು ಹಾಕಿದ್ದರು ಅಂದರು. ಹೊಸದು ಕಡಿಯಬೇಕು, ತುದಿ ಸುಡಬೇಕು, ಬಿರುಗಾಳಿ ಬಂದು ಹೋದ ಮೇಲೆ ಮೂಲೆಮೂಲೆಗೂ ಹೋಗಿ ಇದೆಯಾ ಅಂತ ನೋಡಬೇಕು. ಈ ಹುಡುಗಿ ಹೊಸಬಳು, ನಾಳೆ ಊರಿಗೆ ಹೋಗುವವಳು ಅಂತಲೂ ಕೇಳಿದ್ದೇನೆ, ಹಾಗಾಗಿ ಕ್ಷಮೆ ಕೇಳಿದ್ದೇ ಸಾಕು ಅಂದುಕೊಳ್ಳೋಣವಾ ಅಂದರು. ಆದರೆ ಕೊನೆ ಮಾತು ಚಿಜುರುದು, ಅವಳೇ ಹೇಳಲಿ ಅಂತಲೂ ಸೇರಿಸಿದರು.

ನಾನು ಏನು ಹೇಳಬೇಕು ಅಂತ ಮನೆಯಿಂದ ಯೋಚಿಸಿಕೊಂಡು ಬಂದಿರಲಿಲ್ಲ. ಸುಳ್ಳು ಹೇಳಲು ಮಾತ್ರ ತಯಾರಾಗಿದ್ದೆ. ಬಗ್ಗಿದ ಆ ಬೆನ್ನು ನೋಡಿದೆ, ನನ್ನ ಹಾಸಿಗೆ ಬಟ್ಟೆ ಒಗೆದು ಒಗೆದು ಕೆಂಪಾದ ಕೈ ನೋಡಿದೆ. ಎಲ್ಲಿತ್ತೋ ಅಷ್ಟು ಸಿಟ್ಟು, ಉಕ್ಕಿ ಬಂತು.

"ಕ್ಷಮೆ ಗಿಮೆ ಬೇಡ. ನನ್ನ ಕಾಲು ನೋಡಿದ್ದೀರಾ ನೀವೆಲ್ಲ? ಒಂದು ವರ್ಷ ಯಾವ ಮೂಲೆಗೆ ಸಾಲುತ್ತೆ? ಐದು ವರ್ಷ ಹಾಕಿ. ಮಧ್ಯೆ ಊರು ಬಿಟ್ಟು ಹೋಗೋ ಹಾಗಿಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಐದು ವರ್ಷ ಯಾರಿಗೂ ಕೊಟ್ಟಿಲ್ಲ, ಅನ್ಯಾಯ ಆಗುತ್ತೆ ಅಂತ ನೊಬೊರಿಯವರು ಅಂದರು. ಊರು ಬಿಡೋ ಹಾಗಿಲ್ಲ ಅನ್ನೋ ನಿಯಮ ಎಲ್ಲೂ ಇಲ್ಲ ಅಂತ ಇನ್ಯಾರೋ ಅಂದರು. ಇವಾಗ ಇದೆ ಅಂದೆ. ಫುಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಮೀನು ಕೊಳ್ಳುವ ಹಾಗೆ ಚೌಕಾಸಿ ನಡೆದು, ಎರಡಕ್ಕೆ ಇಳಿಸಿ ಅಂತ ಅವರು, ಆಗಲ್ಲ ಅಂತ ನಾನು, ಕೊನೆಗೆ ಮೂರಕ್ಕೆ ನಿಂತಿತು. ಇವಾಜೊ ಅಣ್ಣ ಗಂಟಲು ಸರಿಮಾಡಿಕೊಂಡು, ಮರ ಯಾವುದು ಅಂತ ನಾನು ತೋರಿಸ್ತೀನಿ, ಇವಳಿಗೆ ಕಡಿಯೋಕೆ ಬರಲ್ಲ ಅಂದ.

ಶಿಹೊ ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ನಮ್ಮ ಮಾತು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮೂರು ಬೆರಳು ತೋರಿಸಿದೆ. ಸಭೆಯ ಮಧ್ಯದಲ್ಲೇ ನನ್ನ ತೋಳು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ದಾರಿಯುದ್ದಕ್ಕೂ ಬಿಡಲಿಲ್ಲ. ಕಾಲು ನೋಯುತ್ತೆ ಬಿಡು ಅಂದರೂ ಬಿಡಲಿಲ್ಲ.

ಊರಿನ ಕೋಲುಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು, ಅಷ್ಟೇ. ಇವಾಜೊ ಅಣ್ಣನಿಗೂ ವಯಸ್ಸಾಯಿತು.

ಜುಲೈ 28

ಮಧ್ಯಾಹ್ನದ ಹಡಗು ಹೋಯಿತು. ಚೀಲ ಬಾಗಿಲ ಹತ್ತಿರ ಇಲ್ಲ.

ಅವಳ ಅಮ್ಮನ ಫೋನು ಬಂತು. ನಾನು ಕಣ್ಣು ಮುಚ್ಚಿ ಮಲಗಿದ್ದೆ, ನಿದ್ದೆ ಬಂದಿರಲಿಲ್ಲ. ಶಿಹೊ ಮೆಲ್ಲಗೆ ಹೇಳುತ್ತಿದ್ದಳು. ಬರೋಕಾಗಲ್ಲ ಅಮ್ಮ, ನಂಗೆ ಮೂರು ವರ್ಷ ಶಿಕ್ಷೆ ಆಗಿದೆ. ಆ ಕಡೆಯಿಂದ ಆ ಹೆಂಗಸು ಕಿರುಚಿದ್ದು ಇಡೀ ಮನೆಗೆ ಕೇಳಿಸಿತು. ಇಲ್ಲಮ್ಮ, ಪೊಲೀಸರಲ್ಲ, ಅತ್ತೆ ಕೊಟ್ಟಿದ್ದು ಅಂದಳು. ಅವರು ಐದು ವರ್ಷ ಕೇಳಿದ್ರು, ಊರವರೆಲ್ಲ ಸೇರಿ ಮೂರಕ್ಕೆ ಇಳಿಸಿಬಿಟ್ರು ಅಂತ ಹೇಳುವಾಗ ಅವಳ ದನಿಯಲ್ಲಿ ಊರವರ ಮೇಲೆ ಬೇಜಾರಿತ್ತು.

ತಪ್ಪು ನನ್ನದೇ. ಹತ್ತರಿಂದ ಶುರು ಮಾಡಬೇಕಿತ್ತು.